ಸೂಲಗಿತ್ತಿಯ ಕೈ

ಹಾಗಲವಾಡಿ ಹೋಬಳಿಯಿಂದ ಹೆರಿಗೆಗೆಂದು ಗುಬ್ಬಿಗೋ ತುಮಕೂರಿಗೋ ಹೊರಡುವ ಹೆಂಗಸಿನ ಸಂಗಡ ತಾಯಿಯೋ ಅತ್ತೆಯೋ ಹೋಗುವುದುಂಟು. ದಾರಿಯುದ್ದಕ್ಕೂ ಬೆನ್ನು ನೀವುತ್ತ, ಬೆವರೊರಸುತ್ತ ಬಂದ ಆ ಕೈ ಹೆರಿಗೆಯ ಕೋಣೆಯ ಬಾಗಿಲಲ್ಲಿ ಅನೇಕ ವೇಳೆ ತಡೆಯಲ್ಪಡುತ್ತದೆ. ಒಳಗೆ ಹೋದವಳನ್ನು ಅನಂತರ ಮುಟ್ಟುವ ಕೈಗಳು ಬಹುಮಟ್ಟಿಗೆ ಅಳೆಯುವ ಕೈಗಳು. ನಾಡಿ ಎಷ್ಟು, ರಕ್ತದ ಒತ್ತಡ ಎಷ್ಟು, ಗರ್ಭದ್ವಾರ ಎಷ್ಟು ತೆರೆದಿದೆ ಎಂಬುದನ್ನು ತಿಳಿದು, ಬರೆದಿಟ್ಟು, ಅವು ಹಿಂದೆ ಸರಿಯುತ್ತವೆ. ಮೈಯಿಂದ ವಾರ್ತೆಯನ್ನು ಪಡೆಯುವುದರಲ್ಲಿ ಇಷ್ಟು ನಿಪುಣವಾದ ವೈದ್ಯವಿದ್ಯೆ, ಆ ಮೈಗೆ ಒಂದು ಮಾತನ್ನು ಮರಳಿ ಹೇಳುವುದನ್ನು ತನ್ನ ಕರ್ತವ್ಯಗಳೊಳಗೆ ಎಣಿಸದೆ ಬಿಟ್ಟಿದೆ.

ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಕೈಗೆ ಈ ಮರೆವು ಇರಲಿಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ ಆಕೆ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಪ್ರತಿಫಲ ಬೇಡದೆ ಮಾಡಿಸಿದರೆಂದು ಪ್ರಸಿದ್ಧಿ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಶಿಶುವಿನ ತಲೆ ಎತ್ತ ತಿರುಗಿದೆಯೆಂದು ಅರಿಯುತ್ತಿದ್ದ ಆ ಕೈಯೇ, ಅದೇ ಗಳಿಗೆಯಲ್ಲಿ, ನೋಯುವವಳಿಗೆ ನೀನು ಒಬ್ಬಳೇ ಇಲ್ಲವೆಂದು ತಿಳಿಸುತ್ತಿತ್ತು. ಪರೀಕ್ಷೆ ಬೇರೆ, ಸಾಂತ್ವನ ಬೇರೆ ಎಂಬ ಭೇದ ಅಲ್ಲಿರಲಿಲ್ಲ. ತುಮಕೂರು ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಆಕೆ ತೀರಿಕೊಂಡರು. ಶಾಲು ಹೊದಿಸುವುದು ಸುಲಭ. ಆ ಕೈ ಮಾಡುತ್ತಿದ್ದುದನ್ನು ಆಸ್ಪತ್ರೆಯೊಳಕ್ಕೆ ಕರೆದುಕೊಳ್ಳುವುದು ಕಷ್ಟವೆಂದು ಕಾಣುತ್ತದೆ.

ಹಿಂದಿನ ಕಾಲಕ್ಕೆ ಚಿನ್ನದ ಮುಲಾಮು ಪೂಸಬೇಕಾದುದೇನೂ ಇಲ್ಲ. ಕೂಸನ್ನು ಮೊದಲು ಹಿಡಿದ ಸೂಲಗಿತ್ತಿಯ ಕೈಯನ್ನು, ಪುರುಡು ಕಳೆದು ಮನೆ ಮಡಿಯಾದೊಡನೆ ಹೊಸಿಲಿನಾಚೆಗೆ ನಿಲ್ಲಿಸಿದ ಮನೆಗಳೆಷ್ಟೋ! ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ಸಂತೋಷದ ಸಂಗತಿಯೇ ಸರಿ. ರಕ್ತಸ್ರಾವ ನಿಲ್ಲದಾಗ, ಶಿಶು ಅಡ್ಡವಾದಾಗ ಬರಿಯ ಕೈ ಸಾಲದು. ಆದರೆ ಇಷ್ಟರಿಂದ ಸ್ಪರ್ಶವೇ ಹಳೆಯ ಕಾಲದ ಸರಕೆಂದು ಸಾಧಿಸಹೊರಡುವವರು 1847ರ ವಿಯೆನ್ನಾವನ್ನು ಜ್ಞಾಪಿಸಿಕೊಳ್ಳಬೇಕು. ಅಲ್ಲಿನ ಹೆರಿಗೆಯ ಆಸ್ಪತ್ರೆಯಲ್ಲಿ, ಹೆಣಗಳನ್ನು ಕೊಯ್ದ ಕೈಗಳಿಂದಲೇ ವೈದ್ಯರು ಗರ್ಭಿಣಿಯರನ್ನು ಪರೀಕ್ಷಿಸಿ ಬಾಣಂತಿಜ್ವರ ಹರಡುತ್ತಿದ್ದಾರೆಂದು ಸೆಮ್ಮೆಲ್‌ವೈಸ್ ಕಂಡುಕೊಂಡನು. ಕೈ ಕೊಲ್ಲುತ್ತಿತ್ತು, ನಿಜ. ಅವನು ಕೈ ತೆಗೆಯಿರೆನ್ನಲಿಲ್ಲ. ಕ್ಲೋರಿನ್ ಬೆರೆತ ನೀರಿನಲ್ಲಿ ತೊಳೆಯಿರೆಂದನು.

ಒಳಗೆ ಅಳತೆಯ ಸ್ಪರ್ಶದ ಹೊರತು ಬೇರೇನೂ ಇಲ್ಲವೆನ್ನುವಂತೆಯೂ ಇಲ್ಲ. ನೋವಿಗೆ ಕೂಗಿದವಳ ತೊಡೆಯ ಮೇಲೆ ಏಟು ಬೀಳುವ ಹೆರಿಗೆ ಕೋಣೆಗಳು ನಮ್ಮ ದೇಶದಲ್ಲಿವೆಯೆಂಬುದು ಗುಟ್ಟೇನಲ್ಲ. ಹೇಳದೆ ಕೇಳದೆ ನಡೆಸುವ ಪರೀಕ್ಷೆಯೂ ಒಂದು ಮಾತೇ. ನೀನು ಇಲ್ಲಿ ವಸ್ತು ಎಂದು ಅದು ಹೇಳುತ್ತದೆ. ಅಕ್ಷರ ಬಾರದವಳಿಗೂ ಅದು ಅರ್ಥವಾಗುತ್ತದೆ.

ದಾದಿಯರಿಗೆ ಬಿಡುವಿಲ್ಲವೆಂಬ ಸಮಾಧಾನವೊಂದಿದೆ, ಅದು ಸುಳ್ಳಲ್ಲ. ನಾಲ್ಕಾರು ಮಂಚಗಳ ನಡುವೆ ಓಡಾಡುವ ಒಬ್ಬಳು ಯಾರ ಬೆನ್ನನ್ನೆಂದು ನೀವಬೇಕು? ಆದರೆ ಆ ಕೈ ದಾದಿಯದೇ ಆಗಬೇಕೆಂಬ ನಿಯಮವಿಲ್ಲ. ಹೆರುವವಳ ಬಳಿ ಹೆಂಗಸೊಬ್ಬಳು ಸಂಗಾತಿಯಾಗಿ ಇರಬಹುದೆಂದು ಭಾರತ ಸರಕಾರ 2016ರಲ್ಲಿಯೇ ಸರಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ಆಕೆ ಬಯಸಿದ ಸಂಗಾತಿ ಜೊತೆಗಿರಬೇಕು, ನೋವಿನ ಶಮನಕ್ಕೆ ನೀವುವುದೂ ಒಂದು ಉಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆಯಿತ್ತಿದೆ. ಸೂಲಗಿತ್ತಿ ಅರಿತಿದ್ದುದನ್ನು ಜಿನೀವಾ ಒಪ್ಪಿದ ಮೇಲೂ ಬಾಗಿಲು ಮುಚ್ಚಿಯೇ ಇದ್ದರೆ ಅದಕ್ಕೆ ಯಾವ ಶಾಸ್ತ್ರದ ಆಧಾರ? ಒಂದೇ ಕೋಣೆಯಲ್ಲಿ ಹಲವರು ಹೆರುವಾಗ ಪರರು ಒಳಬಂದರೆ ಮರ್ಯಾದೆಗೆ ಭಂಗವೆಂದು ಉತ್ತರ ಬರುತ್ತದೆ. ಹಾಗಿದ್ದಲ್ಲಿ ಮಂಚಕ್ಕೊಂದು ಪರದೆ ಕಟ್ಟಿಸತಕ್ಕದ್ದು. ಅದಕ್ಕೆ ಬೇಕಾದುದು ಕೆಲವು ಗಜ ಬಟ್ಟೆ.