ವಾಹನ ವಿಚಾರ: ಹಳೆಯ ಪಿಸ್ಟನ್ನಿನ ಸಾಕ್ಷ್ಯ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಮೋಟಾರು ಸೈಕಲ್ಲುಗಳ ಸದ್ದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ಮೊದಲು ಜಾವಾ, ಆಮೇಲೆ ಯೆಜ್ಡಿ ಎಂದು ಹೆಸರಾದ ಈ ಗಾಡಿಗಳು ಊರು ಬಿಟ್ಟು ಮುಂಬಯಿ ಸೇರಿದ ನಮಗೆ ತವರಿನ ನಂಟಿನಂತೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಹೊಸದು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರ. ಆದುದರಿಂದ ತಂದೆಯವರ ಕಾಲದ ಎರಡು ಸ್ಟ್ರೋಕಿನ ಗಾಡಿ ಮನೆಯಲ್ಲಿದ್ದರೆ, ಅದರ ಸಿಲಿಂಡರನ್ನು ಜೋಪಾನ ಮಾಡಬೇಕಾದವರು ನಾವೇ.

ಬೋರ್ ಮಾಡಿಸಿದಷ್ಟು ಸಲವೂ ಸಿಲಿಂಡರಿನ ಕಬ್ಬಿಣ ತೆಳುವಾಗುತ್ತದೆ. 250 ಸಿ.ಸಿ. ಎಂಜಿನ್ನಿನ ಮೂಲ ವ್ಯಾಸ 65 ಮಿಲಿಮೀಟರು. ಅದನ್ನು ಸಾಮಾನ್ಯವಾಗಿ ಕಾಲು ಕಾಲು ಮಿಲಿಮೀಟರಿನಂತೆ ಹಿಗ್ಗಿಸುತ್ತ ಹೋಗುವರು. ಕೆಲವೇ ಸಲಕ್ಕೆ ಗಂಟು ಕರಗಿತೆಂದೇ ತಿಳಿಯಬೇಕು. ಹೀಗಿರಲು, ಹೊಸ ಪಿಸ್ಟನ್ ಹಾಕಿಸಿ ಎರಡು ತಿಂಗಳಾಗುವಷ್ಟರಲ್ಲಿ ಎಂಜಿನ್ ಮತ್ತೆ ಹಿಡಿದುಕೊಂಡರೆ ಹೊಟ್ಟೆ ಉರಿಯದಿರುತ್ತದೆಯೇ? ಎಣ್ಣೆಯ ಕೊರತೆ, ಅತಿ ಬಿಗಿಯಾದ ಬೋರ್ ಇದಕ್ಕೆ ಕಾರಣವಾಗಬಹುದು. ಆದರೆ ಪಿಸ್ಟನ್ ಸಿಲಿಂಡರಿನೊಳಗೆ ನೆಟ್ಟಗೆ ನಿಲ್ಲದೆ ಓರೆಯಾಗಿರುವ ಸಂಗತಿ ಎಷ್ಟೋ ಸಲ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಬಾವಿಗಿಳಿಸಿದ ಕೊಡ ಓರೆಯಾದರೆ ಗೋಡೆಗೆ ತಾಗಲೇಬೇಕಷ್ಟೆ.

ಇದರ ಮೊದಲ ಸಾಕ್ಷಿ ಹಳೆಯ ಪಿಸ್ಟನ್. ಮೆಕ್ಯಾನಿಕರಿಂದ ಅದನ್ನು ಕೇಳಿ ಪಡೆಯಿರಿ. ಮುಂದೆ ಹಿಂದೆ ಒಂದೇ ಸಮನಾಗಿ ಉಜ್ಜಿದ ಗುರುತು ಸಹಜವಾದುದು. ಸುತ್ತಲೂ ಹಲವು ಕಡೆ ಗೀರಿದ್ದರೆ ಕಾವು, ಎಣ್ಣೆ, ಬಿಗಿತ ಇವುಗಳ ಮೇಲೆ ಸಂಶಯಪಡಬೇಕು. ಪಿನ್ನಿನ ಎರಡು ತುದಿಗಳ ಕಡೆ, ಒಂದು ಪಕ್ಕ ಮೇಲ್ಭಾಗದಲ್ಲೂ ಎದುರು ಪಕ್ಕ ಕೆಳಭಾಗದಲ್ಲೂ ಉಜ್ಜಿದ್ದರೆ ಪಿಸ್ಟನ್ ಓರೆಯಾಗಿ ಓಡಿದೆಯೆಂದೇ ಅರ್ಥ.

ಎರಡನೆಯದು ಪ್ರತ್ಯಕ್ಷ ಪರೀಕ್ಷೆ. ರಿಂಗುಗಳಿಲ್ಲದೆ ಪಿಸ್ಟನ್ ತೊಡಿಸಿ, ಸಿಲಿಂಡರನ್ನು ಅಲುಗದಂತೆ ಕೂರಿಸಿ, ಹೆಡ್ ತೆರೆದಿಟ್ಟು ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿರಿ. ಪಿನ್ನಿನ ಎರಡು ಪಕ್ಕದ ಸಂದುಗಳನ್ನು ಫೀಲರ್ ಗೇಜಿನಿಂದ ಹೋಲಿಸಿ ನೋಡಿರಿ. ಮೇಲೇರುವಾಗಲೂ ಇಳಿಯುವಾಗಲೂ ಪಿಸ್ಟನ್ ಒಂದೇ ಪಕ್ಕಕ್ಕೆ ವಾಲಿದರೆ ಕನೆಕ್ಟಿಂಗ್ ರಾಡ್ ಬಾಗಿರಬೇಕು, ಇಲ್ಲವೆ ಸಿಲಿಂಡರ್ ಓರೆಯಾಗಿ ಕೂತಿರಬೇಕು. ಏರುವಾಗ ಒಂದು ಪಕ್ಕ, ಇಳಿಯುವಾಗ ಇನ್ನೊಂದು ಪಕ್ಕ ವಾಲಿದರೆ ರಾಡ್ ತಿರುಚಿಕೊಂಡಿದೆ.

ರಾಡಿನ ತಪ್ಪೋ ಸಿಲಿಂಡರಿನ ತಪ್ಪೋ ಎಂಬುದನ್ನು ಹೀಗೆ ಬೇರ್ಪಡಿಸಬಹುದು. ಸಿಲಿಂಡರನ್ನೂ ಪಿಸ್ಟನ್ನನ್ನೂ ತೆಗೆದು, ಕ್ರ್ಯಾಂಕ್‌ಕೇಸಿನ ಬಾಯಿಯ ಮೇಲೆ ಸಮನಾದ ಎತ್ತರದ ಎರಡು ಉಕ್ಕಿನ ಪಟ್ಟಿಗಳನ್ನಿಡಿರಿ. ಪಿನ್ನಿನ ಜಾಗದಲ್ಲಿ ನೆಟ್ಟನೆಯ ಉದ್ದ ಸಲಾಕೆ ತೂರಿಸಿ, ಅದು ಪಟ್ಟಿಗಳ ಮೇಲೆ ಕೂರುವವರೆಗೆ ಕ್ರ್ಯಾಂಕ್ ತಿರುಗಿಸಿರಿ. ಒಂದು ತುದಿ ಮುಟ್ಟಿ ಇನ್ನೊಂದು ಮುಟ್ಟದಿದ್ದರೆ ದೋಷ ರಾಡ್, ಬುಶ್ ಅಥವಾ ಕ್ರ್ಯಾಂಕಿನದು. ಎರಡೂ ಮುಟ್ಟಿದರೆ ಸಿಲಿಂಡರಿನ ಬುಡ ನೋಡಿರಿ. ಅಲ್ಲಿ ಹಳೆಯ ಗ್ಯಾಸ್ಕೆಟಿನ ತುಣುಕು ಉಳಿದಿರಬಹುದು. ಇಲ್ಲವೆ ಬೋರನ್ನೇ ಬುಡಕ್ಕೆ ನೇರವಾಗಿ ಕೊರೆದಿಲ್ಲ.

ನಮ್ಮ ಮುಂಬಯಿಯಲ್ಲಿ ರಾಡ್ ಬಾಗಲು ಮಳೆಯೂ ಒಂದು ಕಾರಣ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಬಿದ್ದಾಗ ಎಷ್ಟು ವಾಹನಗಳು ಮುಳುಗಿದವೆಂಬುದನ್ನು ಕಂಡವರೇ ಬಲ್ಲರು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಓಡುವ ಎಂಜಿನ್ನಿನೊಳಗೆ ನೀರು ನುಗ್ಗಿದರೆ ಆ ಒತ್ತಡವನ್ನೆಲ್ಲ ರಾಡೇ ಹೊರಬೇಕು. ಮುಳುಗಿದ ಗಾಡಿಯನ್ನು ಪ್ಲಗ್ ಬಿಚ್ಚಿ ನೀರು ಹೊರಹಾಕದೆ ಗೇರಿನಲ್ಲಿಟ್ಟು ತಳ್ಳಲೇಬಾರದು.

ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಹೊರಡುವ ಮೊದಲು, ಲೇತಿನ ಅಂಗಡಿಗೆ ಸಿಲಿಂಡರ್ ಒಪ್ಪಿಸುವ ಮೊದಲು, ಈ ಪರೀಕ್ಷೆಗಳಿಗೆ ಅರ್ಧ ದಿನ ಮೀಸಲಿಡಿರಿ. ಹೊಸ ಪಿಸ್ಟನ್ ಹಣಕ್ಕೆ ದೊರೆತೀತು. ಕೊರೆದು ಹೋದ ಮೈಸೂರಿನ ಕಬ್ಬಿಣ ಮರಳಿ ಬಾರದು.