‘ಸಾನಿ’ ಪದದ ಎರಡು ದಾರಿಗಳು

ಅರ್ಥವ್ಯತ್ಯಾಸವನ್ನು ಹೀನಾರ್ಥಪ್ರಾಪ್ತಿ, ಉತ್ತಮಾರ್ಥಪ್ರಾಪ್ತಿ ಎಂದು ವಿಂಗಡಿಸಿ ಮುಗಿಸುವುದು ಕನ್ನಡ ಭಾಷಾಶಾಸ್ತ್ರದ ಪಾಠಗಳಲ್ಲಿ ಬೆಳೆದುಬಂದ ರೂಢಿ. ಪದವನ್ನು ಏರಿಸಿದ, ಇಳಿಸಿದ ಅಧಿಕಾರ ಯಾವುದೆಂಬ ಪ್ರಶ್ನೆ ಅಲ್ಲಿ ಏಳುವುದೇ ಅಪರೂಪ. ಸಂಸ್ಕೃತದ ‘ಸ್ವಾಮಿನಿ’ಯಿಂದ ಬಂದ ‘ಸಾನಿ’ ಈ ಪ್ರಶ್ನೆಯನ್ನು ಅನಿವಾರ್ಯವಾಗಿಸುತ್ತದೆ.

‘ಸಾನಿ’ ಎಂದರೆ ಒಡತಿ. ಮಧ್ಯಕಾಲೀನ ತೆಲುಗು ಶಾಸನಗಳಲ್ಲಿ ಈ ಗೌರವವಾಚಕವು ಪ್ರತಿಷ್ಠಿತ ಮನೆತನದ ಸ್ತ್ರೀಯರ ಹೆಸರಿಗೂ ದೇವಾಲಯದ ಸ್ತ್ರೀಯರ ಹೆಸರಿಗೂ ಸೇರಿಕೊಂಡಿದೆ. ಮೈಸೂರು ಸೀಮೆಯಲ್ಲಿ ದೇವಾಲಯದ ನೃತ್ಯಗೀತಗಳಿಗೆ ನೇಮಕವಾದವರು ‘ನಾಯಕಸಾನಿ’ಯರು. ಆ ಬದುಕು ಶೋಷಣೆಯಿಂದ ಮುಕ್ತವಾಗಿತ್ತೆಂದು ಹೇಳಲಾಗದು. ಆದರೂ ಸೇವೆ, ಕಲೆ, ಜೀವನಾಧಾರ ಮೂರೂ ಆ ಒಂದು ಪದದಲ್ಲಿ ಕೂಡಿಕೊಂಡಿದ್ದವು.

ವಸಾಹತುಶಾಹಿ ಕಾನೂನು ಈ ಕೂಡಿಕೆಯನ್ನು ಬಿಡಿಸಿತು. 1860ರ ದಂಡಸಂಹಿತೆಯ ಅಡಿಯಲ್ಲಿ ನ್ಯಾಯಾಲಯಗಳು ಬಾಲೆಯರ ಸಮರ್ಪಣೆಯನ್ನು ವೇಶ್ಯಾವೃತ್ತಿಯ ಪರಿಭಾಷೆಯಲ್ಲಿ ವಿಚಾರಣೆಗೆ ಒಳಪಡಿಸಿದವು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಬಾಲೆಯರ ರಕ್ಷಣೆ ಅಗತ್ಯವೇ ಆಗಿತ್ತು. ಆದರೆ ಪದದಲ್ಲಿ ಉಳಿದದ್ದು ಕಳಂಕ ಮಾತ್ರ. ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಪ್ರಕಟಿಸಿದಾಗ, ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ಇದೇ ಕಾಲಘಟ್ಟದಲ್ಲಿ ‘ದೊರೆಸಾನಿ’ ಮೇಲೇರಿತು. ಬಿಳಿಯ ಅಧಿಕಾರಿ ‘ದೊರೆ’ಯಾದಾಗ ಅವನ ಮಡದಿ ‘ದೊರೆಸಾನಿ’ಯಾದಳು. ಒಂದೇ ಉತ್ತರಪದ ಒಂದು ಸಮಾಸದಲ್ಲಿ ಪೂಜ್ಯ, ಇನ್ನೊಂದರಲ್ಲಿ ನಿಂದ್ಯ! ಇದು ಧ್ವನಿನಿಯಮಗಳು ವಿವರಿಸಬಲ್ಲ ಸಂಗತಿಯಲ್ಲ.

ಜಾವಾದ ‘ನ್ಯಾಯಿ’ ಇದಕ್ಕೆ ಸಂವಾದಿ. ಹಿರಿಯ ಸ್ತ್ರೀಯರಿಗೆ ಸಲ್ಲುತ್ತಿದ್ದ ಆ ಗೌರವಪದ ಡಚ್ಚರ ಆಳ್ವಿಕೆಯಲ್ಲಿ ಐರೋಪ್ಯರು ಇರಿಸಿಕೊಂಡ ಸ್ಥಳೀಯ ಹೆಣ್ಣನ್ನು ಸೂಚಿಸತೊಡಗಿತು. ಆದರೂ ಇಸ್ಲಾಮೀ ಗುರುಕುಲಗಳಲ್ಲಿ ಗುರುಪತ್ನಿ ಇಂದಿಗೂ ‘ನ್ಯಾಯಿ’ಯೇ. ‘ನಾಯಕಸಾನಿ’ಗೆ ಅಂಥ ಆಸರೆಯ ನೆಲೆ ಉಳಿಯಲಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪ್ರಯೋಗಸಹಿತ ಅರ್ಥವಿವರಣೆಯ ಹಾದಿಯನ್ನು ತೋರಿದೆ. ಮುಂದಿನ ಸಂಶೋಧನೆ ಶಾಸನ, ನ್ಯಾಯಾಲಯದ ತೀರ್ಪು, ಮುಜರಾಯಿ ಕಡತಗಳನ್ನು ಒಟ್ಟಿಗೆ ಓದಬೇಕು. ವಿದ್ಯಾರಣ್ಯಪುರಂನಂತಹ ಮೈಸೂರಿನ ಬಡಾವಣೆಗಳ ಹಿರಿಯರ ಆಡುಮಾತನ್ನೂ ಆಲಿಸಬೇಕು. ಆಳುವವರು ಕೊಟ್ಟ ಅರ್ಥವನ್ನೇ ಪದದ ಮೂಲಾರ್ಥವೆಂದು ದಾಖಲಿಸಿದರೆ, ನಿಘಂಟು ಆ ತೀರ್ಪಿಗೆ ಮತ್ತೊಮ್ಮೆ ಮುದ್ರೆ ಒತ್ತಿದಂತಾಗುತ್ತದೆ.