ಬ್ಯಾಟರಿ ಮರೆತದ್ದನ್ನು ಹಾಳೆ ನೆನಪಿಟ್ಟಿತು

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ನುಗ್ಗಲು ಗೊತ್ತಿತ್ತು. ಹೊರಗೆ ಬರುವ ದಾರಿ ಗೊತ್ತಿರಲಿಲ್ಲ. ಈ ಕಥೆ ಕೇಳಿದ ಮಕ್ಕಳಲ್ಲಿ ಒಬ್ಬರಾದರೂ ‘ಹೋಗುವಾಗಲೇ ದಾರಿ ಗುರುತು ಹಾಕಿಕೊಳ್ಳಬಹುದಿತ್ತಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ಹಾಗೆ ಗುರುತು ಹಾಕಿಕೊಳ್ಳದೆ ಮುಂದುವರಿಯಲು ಕಷ್ಟವಾಗುವ ಒಂದು ವಿಡಿಯೊ ಗೇಮ್ 1987ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಸೆಗಾ ಕಂಪೆನಿಯ ಆ ಆಟದ ಹೆಸರು ‘ಫ್ಯಾಂಟಸಿ ಸ್ಟಾರ್’. ಟೀವಿಗೆ ಜೋಡಿಸಿ ಆಡುವ ‘ಮಾಸ್ಟರ್ ಸಿಸ್ಟಂ’ ಎಂಬ ಯಂತ್ರದ ಮೂಲಕ ಅದು 1988ರಲ್ಲಿ ಬೇರೆ ದೇಶಗಳಿಗೂ ಹೋಯಿತು.

ಆಟದ ಕಥೆ ಸರಳ. ಆಲ್ಗೋಲ್ ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳು. ಅವುಗಳನ್ನು ಆಳುವ ಲಾಸಿಕ್ ಎಂಬ ಕ್ರೂರ ದೊರೆ. ಅವನ ಭಟರ ಕೈಯಲ್ಲಿ ಅಣ್ಣನನ್ನು ಕಳೆದುಕೊಂಡ ಅಲಿಸ್ ಎಂಬ ಹುಡುಗಿ ಖಡ್ಗ ಹಿಡಿದು ಹೊರಡುತ್ತಾಳೆ. ಆ ಕಾಲದ ಆಟಗಳಲ್ಲಿ ಹುಡುಗಿಯೇ ನಾಯಕಿಯಾಗುವುದು ಅಪರೂಪವಾಗಿತ್ತು. ಇದರ ಮುಖ್ಯ ಚಿತ್ರಕಲಾವಿದೆಯೂ ಒಬ್ಬ ಮಹಿಳೆಯೇ. 2022ರಲ್ಲಿ ತೀರಿಕೊಂಡ ರಿಯೆಕೊ ಕೊಡಾಮಾ ಎಂಬುದು ಅವರ ಹೆಸರು. ಅಂದ ಹಾಗೆ, ಆಲ್ಗೋಲ್ ಹೆಸರಿನ ನಿಜವಾದ ನಕ್ಷತ್ರವೂ ಇದೆ. ಆಕಾಶದಲ್ಲಿ ಅದರ ಬೆಳಕು ಮೂರು ದಿನಕ್ಕೊಮ್ಮೆ ಎಂಬಂತೆ ಮಂಕಾಗಿ ಮತ್ತೆ ಬೆಳಗುತ್ತದೆ.

ಅಲಿಸ್ ಊರುಗಳಲ್ಲಿ ನಡೆಯುವಾಗ ಆಟಗಾರ ಅವಳನ್ನು ಮೇಲಿನಿಂದ ನೋಡುತ್ತಾನೆ. ಆದರೆ ಗವಿ, ನೆಲಮಾಳಿಗೆ, ಗೋಪುರಗಳನ್ನು ಹೊಕ್ಕ ತಕ್ಷಣ ನೋಟ ಬದಲಾಗುತ್ತದೆ. ಈಗ ಕಾಣುವುದು ಅವಳ ಕಣ್ಣಿನ ಮುಂದಿನ ಓಣಿ ಮಾತ್ರ. ರೈಲುಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಲ್ಲ, ಅದೇ ತತ್ವದಿಂದ ಎರಡು ಬದಿಯ ಗೋಡೆಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವೆ. ಯೂಜಿ ನಾಕಾ ಎಂಬ ಪ್ರೋಗ್ರಾಮರ್ ಈ ಓಣಿಗಳಿಗೆ ನಡಿಗೆ ಕೊಟ್ಟರು. ಹೆಜ್ಜೆಯಿಟ್ಟರೆ ಗೋಡೆಗಳು ನಯವಾಗಿ ಹಿಂದೆ ಸರಿಯುತ್ತವೆ. ಆ ಯಂತ್ರದ ಕೆಲಸದ ಸ್ಮೃತಿ ಬರೀ 8 ಕಿಲೊಬೈಟ್. ಇಂದಿನ ಕಂಪ್ಯೂಟರುಗಳಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಈ ಅಂಕಣವೂ ಪೂರ್ತಿಯಾಗಿ ಅದರಲ್ಲಿ ಹಿಡಿಸದು!

ತೊಂದರೆ ಇರುವುದು ಇಲ್ಲಿಯೇ. ಗವಿಯ ಓಣಿಗಳೆಲ್ಲ ಒಂದೇ ತೆರ. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ನಾಲ್ಕು ಬಾರಿ ತಿರುಗಿದರೆ ಬಂದ ದಾರಿ ಯಾವುದೆಂಬುದೇ ಮರೆತುಹೋಗುತ್ತದೆ. ನಡುವೆ ರಾಕ್ಷಸರ ಕಾಟ ಬೇರೆ. ಕಾದಾಟ ಮುಗಿಯುವ ಹೊತ್ತಿಗೆ ಯಾವ ಕಡೆ ಹೊರಟಿದ್ದೆವೆಂಬುದು ತಲೆಯಲ್ಲಿ ಇರುವುದಿಲ್ಲ. ಆಟದ ಒಂದು ಕಡೆ ರಾಜ್ಯಪಾಲರನ್ನು ಕಾಣಬೇಕಾದರೆ ಕಾಣಿಕೆಯಾಗಿ ಒಂದು ಕೇಕ್ ಒಯ್ಯಬೇಕು. ಆ ಕೇಕಿನ ಅಂಗಡಿ ಇರುವುದು ಊರಿನಲ್ಲಲ್ಲ, ಒಂದು ಗವಿಯ ಒಳಗೆ! ನಗು ಬರುವ ಸಂಗತಿಯೇ. ಆದರೆ ದಾರಿ ತಪ್ಪಿದವರಿಗೆ ನಗು ಬರುವುದಿಲ್ಲ.

ಆದ್ದರಿಂದ ಅಂದಿನ ಆಟಗಾರರು ಪಕ್ಕದಲ್ಲಿ ಚೌಕುಳಿ ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಹೆಜ್ಜೆಗೆ ಒಂದು ಚೌಕ. ಹೊಕ್ಕ ಬಾಗಿಲ ಎದುರು ‘ಉತ್ತರ’ ಎಂದು ಇಟ್ಟುಕೊಂಡರೆ, ಎಡಕ್ಕೆ ತಿರುಗಿದಾಗ ಮುಖ ಪಶ್ಚಿಮಕ್ಕೆ. ಮತ್ತೆ ಎಡಕ್ಕೆ ತಿರುಗಿದರೆ ದಕ್ಷಿಣಕ್ಕೆ. ದಡ ಕಾಣದ ಸಮುದ್ರದಲ್ಲಿ ಹಿಂದಿನ ನಾವಿಕರು ಮಾಡುತ್ತಿದ್ದುದೂ ಇದನ್ನೇ: ಯಾವ ದಿಕ್ಕು, ಎಷ್ಟು ವೇಗ, ಎಷ್ಟು ಹೊತ್ತು ಎಂಬುದನ್ನು ಬರೆದಿಟ್ಟು, ತಾವಿರುವ ಜಾಗವನ್ನು ಲೆಕ್ಕದಿಂದ ಊಹಿಸುತ್ತಿದ್ದರು.

ನಕ್ಷೆ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಓಣಿ ಸುತ್ತಿಬಳಸಿ ಮೊದಲು ನೋಡಿದ ಬಾಗಿಲಿಗೇ ಬಂದು ಸೇರಿದಾಗ, ಹಾಳೆಯ ಮೇಲಿನ ಗೆರೆಯೂ ಅದೇ ಬಾಗಿಲಿಗೆ ಬಂದು ಕೂಡಬೇಕು. ಕೂಡಿತೆಂದರೆ ನಕ್ಷೆ ಸರಿ. ಒಂದು ಚೌಕ ಆಚೀಚೆ ಆಯಿತೆಂದರೆ ಎಲ್ಲೋ ಒಂದು ಹೆಜ್ಜೆ ಎಣಿಸುವುದು ತಪ್ಪಿದೆ. ಹಿಂದಕ್ಕೆ ನಡೆದು ಆ ತಪ್ಪನ್ನು ಹುಡುಕಬೇಕು. ಜಮೀನು ಅಳೆಯುವ ಸರ್ವೇಯರುಗಳೂ ಹೊರಟ ಕಲ್ಲಿಗೇ ಮರಳಿ ಬಂದು ತಮ್ಮ ಅಳತೆಯನ್ನು ಹೀಗೆಯೇ ಪರೀಕ್ಷಿಸುತ್ತಾರೆ.

ಈಗ ಆ ಹಳೆಯ ಯಂತ್ರಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಆಡುವ ಹವ್ಯಾಸ ಅನೇಕ ದೇಶಗಳಲ್ಲಿ ಬೆಳೆದಿದೆ. ಗುಂಡಿ ಒತ್ತಿದರೆ ಆಟ ಮೊದಲಿನಂತೆಯೇ ಶುರುವಾಗುತ್ತದೆ. ಆದರೆ ಬಾಲ್ಯದಲ್ಲಿ ಅರ್ಧಕ್ಕೆ ನಿಲ್ಲಿಸಿಟ್ಟ ಪಯಣ ಎಷ್ಟೋ ಸಲ ಮಾಯವಾಗಿರುತ್ತದೆ. ಕಾರಣ ವಿಜ್ಞಾನದ್ದು. ಕಾರ್ಟ್ರಿಜ್ಜಿನ ಒಳಗೆ ಎರಡು ಬಗೆಯ ಸ್ಮೃತಿ ಇದೆ. ಆಟ ಇರುವುದು ‘ರಾಮ್’ನಲ್ಲಲ್ಲ, ‘ರೋಮ್’ನಲ್ಲಿ. ಅದರ ಗಾತ್ರ 512 ಕಿಲೊಬೈಟ್, ಅದಕ್ಕೆ ವಿದ್ಯುತ್ ಇಲ್ಲದಿದ್ದರೂ ಮರೆವಿಲ್ಲ. ಆಟಗಾರನ ಪಯಣದ ದಾಖಲೆ ಇರುವುದು ಇನ್ನೊಂದು ಚಿಪ್ಪಿನಲ್ಲಿ. ಯಂತ್ರ ಆರಿಸಿದಾಗ ಅದಕ್ಕೆ ಜೀವ ಕೊಡುವುದು ನಾಣ್ಯದಾಕಾರದ ಒಂದು ಲಿಥಿಯಂ ಸೆಲ್. ಸೆಲ್ ಸತ್ತ ದಿನ ಅಲಿಸ್ ಗಳಿಸಿದ್ದ ಶಕ್ತಿ, ಆಯುಧ, ಹಣ ಎಲ್ಲವೂ ಹೋದಂತೆ.

ಹಳೆಯ ನೋಟ್‌ಬುಕ್ಕಿನಲ್ಲಿ ಮಡಿಚಿಟ್ಟ ಚೌಕುಳಿ ಹಾಳೆ ಮಾತ್ರ ಹಾಗೆಯೇ ಇರುತ್ತದೆ. ಪೆನ್ಸಿಲ್ ಗೀಟು ಮಾಸಿರಬಹುದು, ಅಷ್ಟೆ. ಅದನ್ನು ಬಿಡಿಸಿಟ್ಟುಕೊಂಡರೆ ಹೊಸ ಅಲಿಸ್ ಹಳೆಯ ಗವಿಯಲ್ಲಿ ದಾರಿ ತಪ್ಪುವುದಿಲ್ಲ.

2018ರಲ್ಲಿ ಇದೇ ಆಟ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಮರಳಿ ಬಂತು. ಈ ಸಲ ಹೆಜ್ಜೆಯಿಟ್ಟಂತೆ ನಕ್ಷೆಯನ್ನು ಯಂತ್ರವೇ ಬರೆದುಕೊಡುತ್ತದೆ. ಬಿಡುವು ಕಡಿಮೆಯಿರುವ ದೊಡ್ಡವರಿಗೆ ಅದು ನಿಜಕ್ಕೂ ಉಪಕಾರ. ಆದರೆ ತಪ್ಪನ್ನು ಹುಡುಕುತ್ತಾ ಹಿಂದಕ್ಕೆ ನಡೆಯುವ ಆ ಅರ್ಧ ಗಂಟೆ ಅದರಲ್ಲಿ ಸಿಗುವುದಿಲ್ಲ. ಮಗು ಆಟದ ಮುಂದೆ ಕೂತಿದ್ದರೆ ‘ಎಷ್ಟು ಹೊತ್ತು ಆಡಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ದಾರಿ ಹೇಗೆ ಕಂಡುಹಿಡಿದೆ?’ ಎಂದೂ ತಂದೆತಾಯಿ ಕೇಳಿ ನೋಡಬಹುದು.

ಮಕ್ಕಳೇ, ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ನಾಳೆ ಶಾಲೆಯಲ್ಲಿ ಬಾಗಿಲಿಂದ ಹೊರಟು, ಹೆಜ್ಜೆ ಎಣಿಸುತ್ತಾ, ಕಟ್ಟಡಕ್ಕೆ ಒಂದು ಸುತ್ತು ಬನ್ನಿ. ಒಂದೊಂದು ಹೆಜ್ಜೆಯನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಗೆರೆ ಹೊರಟ ಬಾಗಿಲಿಗೇ ಬಂದು ಕೂಡಿತೇ? ಕೂಡದಿದ್ದರೆ ಅಳಿಸಬೇಡಿ. ಎಲ್ಲಿ ತಪ್ಪಿತೆಂದು ಇನ್ನೊಮ್ಮೆ ನಡೆದು ನೋಡಿ.